ಎಣ್ಣೆಯ ಕೆರೆಗೊಬ್ಬ ನೀರುಗಂಟಿ

ಬೇಗೂರಿನ ನಾಗೇಶ್ವರ ದೇವಾಲಯದಲ್ಲಿ ಒಂದು ವೀರಗಲ್ಲಿದೆ. ಕ್ರಿ.ಶ. 890ರ ಸುಮಾರಿನದೆಂದು ಹೇಳಲಾಗುವ ಅದರ ಬರಹದಲ್ಲಿ ಬೆಂಗಳೂರಿನ ಹೆಸರು ಬರುತ್ತದೆಂಬುದು ಬಹುಮಂದಿಗೆ ತಿಳಿದ ಸಂಗತಿ. ಅದೇ ಊರಿನಲ್ಲಿ ದೊಡ್ಡದೊಂದು ಕೆರೆಯೂ ಇದೆ. ನಮ್ಮ ಹಿರಿಯರ ಪಾಲಿಗೆ ಕೆರೆಯೆಂದರೆ ಬರಿಯ ನೀರಲ್ಲ. ಏರಿ, ತೂಬು, ಕೋಡಿ ಸೇರಿದ ಒಂದು ವ್ಯವಸ್ಥೆ. ಅದಕ್ಕೆ ಮನುಷ್ಯರೂಪದ ನಾಲ್ಕನೆಯ ಅಂಗವೊಂದಿತ್ತು. ಸಮಯವರಿತು ತೂಬನ್ನು ತೆರೆದು, ಸಮಯವರಿತು ಮುಚ್ಚುವ ನೀರುಗಂಟಿಯೇ ಅದು.

ಇಂದು ನಾನು ಹೇಳಹೊರಟಿರುವುದು ಬೇರೊಂದು ಬಗೆಯ ಕೆರೆಯ ಮಾತು. ಇಂಗ್ಲಿಷಿನವರು ನಮ್ಮ ಕೆರೆಗಳನ್ನು ‘ಟ್ಯಾಂಕ್’ ಎಂದು ಕರೆದರು. ಕಾರ್ಖಾನೆಯ ಹಿತ್ತಲಲ್ಲಿ ಎಣ್ಣೆ ತುಂಬಿಡುವ ಉಕ್ಕಿನ ಪಾತ್ರೆಗೂ ಅದೇ ಹೆಸರು. ಎರಡರ ನಂಟು ಹೆಸರಿಗಷ್ಟೇ ನಿಲ್ಲುವುದಿಲ್ಲ.

ಬೇಗೂರಿಗೆ ಹತ್ತಿರದಲ್ಲೇ ಹೊಸೂರು ರಸ್ತೆ. ಅದರ ಇಕ್ಕೆಲಗಳಲ್ಲಿ, ಬೊಮ್ಮನಹಳ್ಳಿಯ ಸುತ್ತ ಕಾರ್ಖಾನೆಗಳೆದ್ದವು. 1978ರಲ್ಲಿ ಕಿಯೋನಿಕ್ಸ್ ಸಂಸ್ಥೆ ಕೋನಪ್ಪನ ಅಗ್ರಹಾರ ಮತ್ತು ದೊಡ್ಡತೋಗೂರುಗಳ 332 ಎಕರೆಯಲ್ಲಿ ಎಲೆಕ್ಟ್ರಾನಿಕ್ ಸಿಟಿಗೆ ಅಡಿಪಾಯ ಹಾಕಿತು. ಬಾಯ್ಲರಿಗೆ ಫರ್ನೆಸ್ ಆಯಿಲ್ ಬೇಕು, ಕರೆಂಟು ಹೋದಾಗ ಜನರೇಟರಿಗೆ ಡೀಸೆಲ್ ಬೇಕು. 2013ರಲ್ಲಿ ದಾಭೋಲ್‌ನಿಂದ ಬೆಂಗಳೂರಿಗೆ ಅನಿಲದ ಕೊಳವೆ ಬಂದ ಮೇಲೂ ಡೀಸೆಲ್ ಟ್ಯಾಂಕುಗಳು ಮಾಯವಾಗಿಲ್ಲ.

ಇಂಥ ಟ್ಯಾಂಕನ್ನು ಕಟ್ಟುವುದು ಸುಲಭದ ಕೆಲಸವಲ್ಲ. ಮೊದಲು ನೆಲದ ಬಲವನ್ನು ಪರೀಕ್ಷಿಸಬೇಕು. ಲಂಬವಾಗಿ ನಿಲ್ಲುವ ದೊಡ್ಡ ಟ್ಯಾಂಕಾದರೆ ಮರಳಿನ ಹಾಸನ್ನು ದಮ್ಮಾಸು ಮಾಡಿ, ಮೇಲೆ ಡಾಂಬರು ಬೆರೆಸಿದ ಮರಳಿನ ಪದರ ಹಾಕುತ್ತಾರೆ. ಕೆಳಗಿನ ತೇವ ತಳದ ತಗಡನ್ನು ತಿನ್ನದಿರಲೆಂದು. ಆಳ ಹೆಚ್ಚಿದಂತೆ ಒತ್ತಡ ಹೆಚ್ಚುವುದರಿಂದ ಗೋಡೆಯ ತಗಡು ಕೆಳಗೆ ದಪ್ಪ, ಮೇಲೆ ತೆಳು. ಕೆರೆಯ ಏರಿಯೂ ಬುಡದಲ್ಲಿ ಅಗಲವಾಗಿರುವುದು ಇದೇ ನ್ಯಾಯದಿಂದ. ಬೆಸುಗೆ ಮುಗಿದ ಮೇಲೆ ಎಣ್ಣೆಗೆ ಮುಂಚೆ ನೀರು ತುಂಬಿ ನೋಡುತ್ತಾರೆ. ನೀರು ಎಣ್ಣೆಗಿಂತ ಭಾರ. ಆ ಭಾರವನ್ನು ತಡೆದ ಗೋಡೆ ಎಣ್ಣೆಯ ಭಾರವನ್ನೂ ತಡೆದೀತು. ಮುಂದೆ ಅದೇ ನೀರು ವೈರಿಯಾಗುತ್ತದೆ: ಎಣ್ಣೆಯೊಡನೆ ಒಳಹೊಕ್ಕ ತೇವಾಂಶ ತಳಕ್ಕಿಳಿದು, ಕಾಣದಂತೆ ಉಕ್ಕನ್ನು ಸವೆಸುತ್ತದೆ.

ಆದುದರಿಂದ ಟ್ಯಾಂಕು ಎಂದಾದರೂ ಸೋರೀತೆಂದು ಒಪ್ಪಿಕೊಂಡೇ ಅದನ್ನು ಕಟ್ಟಬೇಕು. ಅದಕ್ಕಾಗಿಯೇ ಸುತ್ತಲೂ ಒಂದು ಕಟ್ಟೆ. ಒಳಗಿರುವ ಅತಿ ದೊಡ್ಡ ಟ್ಯಾಂಕು ಪೂರ್ತಿ ಬರಿದಾದರೂ ಆ ಎಣ್ಣೆಯೆಲ್ಲ ಕಟ್ಟೆಯೊಳಗೇ ನಿಲ್ಲುವಂತಿರಬೇಕು. ಆದರೆ ಬಯಲಿನ ಕಟ್ಟೆಯಲ್ಲಿ ಮಳೆನೀರೂ ನಿಲ್ಲುತ್ತದೆ. ಅದನ್ನು ಹೊರಬಿಡಲು ಕಟ್ಟೆಯ ಬುಡದಲ್ಲಿ ಒಂದು ಕೊಳವೆ, ಅದಕ್ಕೊಂದು ವಾಲ್ವು. ಇದೇ ಎಣ್ಣೆಯ ಕೆರೆಯ ತೂಬು. ನಿಂತ ನೀರನ್ನು ನೋಡಿ, ಎಣ್ಣೆಯ ಬಣ್ಣದ ಪೊರೆ ಇಲ್ಲವೆಂದು ಖಚಿತವಾದ ಮೇಲೆಯೇ ಅದನ್ನು ತೆರೆಯಬೇಕು. ನೀರು ಹರಿದೊಡನೆ ಮುಚ್ಚಿ ಬೀಗ ಹಾಕಬೇಕು. ತೆರೆದದ್ದು ತೆರೆದೇ ಉಳಿದರೆ ಲಕ್ಷಾಂತರ ರೂಪಾಯಿಯ ಕಟ್ಟೆ ಇದ್ದೂ ಇಲ್ಲದಂತೆ.

ಇದು ಕಲ್ಪನೆಯ ಭಯವಲ್ಲ. 2009ರ ಅಕ್ಟೋಬರ್ 29ರ ಸಂಜೆ ಜಯಪುರದ ಸೀತಾಪುರ ಕೈಗಾರಿಕಾ ಪ್ರದೇಶದಲ್ಲಿದ್ದ ಇಂಡಿಯನ್ ಆಯಿಲ್ ನೆಲೆಯಲ್ಲಿ ಪೆಟ್ರೋಲು ಚಿಮ್ಮತೊಡಗಿತು. ಕಟ್ಟೆಯ ವಾಲ್ವು ತೆರೆದೇ ಇತ್ತು. ಪೆಟ್ರೋಲು ಮಳೆನೀರಿನ ಚರಂಡಿ ಸೇರಿತು. ಒಂದು ಗಂಟೆಗೂ ಹೆಚ್ಚು ಕಾಲ ಹಬ್ಬಿದ ಆವಿಗೆ ಕಿಡಿ ತಗುಲಿ ಹನ್ನೊಂದು ಜೀವಗಳು ಹೋದವು. ಡೀಸೆಲ್ಲಾಗಲಿ ಫರ್ನೆಸ್ ಆಯಿಲಾಗಲಿ ಪೆಟ್ರೋಲಿನಷ್ಟು ಬೇಗ ಹೊತ್ತಿಕೊಳ್ಳುವುದಿಲ್ಲ, ನಿಜ. ಆದರೆ ಅವು ಹರಿಯುವುದೂ ಅದೇ ದಾರಿಯಲ್ಲಿ: ವಾಲ್ವಿನಿಂದ ಚರಂಡಿಗೆ, ಚರಂಡಿಯಿಂದ ರಾಜಕಾಲುವೆಗೆ, ರಾಜಕಾಲುವೆಯಿಂದ ಕೆರೆಗೆ. ನೆಲಕ್ಕಿಂಗಿದ ಎಣ್ಣೆ ಕೊಳವೆಬಾವಿಯನ್ನೂ ಕೆಡಿಸಬಲ್ಲದು.

ಕಾಯಿದೆ ಇಲ್ಲವೆನ್ನುವಂತಿಲ್ಲ. 1934ರ ಪೆಟ್ರೋಲಿಯಂ ಕಾಯಿದೆಯಿದೆ, 2002ರ ನಿಯಮಗಳಿವೆ. 2,500 ಲೀಟರಿಗಿಂತ ಹೆಚ್ಚು ಡೀಸೆಲ್ ಕೂಡಿಡಲು ಲೈಸೆನ್ಸು ಬೇಕು. ನಕ್ಷೆಯಲ್ಲಿ ಕಟ್ಟೆಯನ್ನೂ ವಾಲ್ವನ್ನೂ ತೋರಿಸಬಹುದು. ಮಳೆ ನಿಂತ ಮೇಲೆ, ನಡುರಾತ್ರಿಯಲ್ಲಿ, ಟಾರ್ಚು ಹಿಡಿದು ಹೋಗಿ ಆ ವಾಲ್ವನ್ನು ಮುಟ್ಟಿ ನೋಡುವ ಮನುಷ್ಯನನ್ನು ನಕ್ಷೆಯಲ್ಲಿ ತೋರಿಸಲಾಗದು. ಅನೇಕ ಕಡೆ ಆ ಕೆಲಸ ಯಾರದೆಂದೇ ಗೊತ್ತಿರುವುದಿಲ್ಲ. ಕಾವಲುಗಾರ ತೆರೆಯುತ್ತಾನೆ, ಅವನ ಪಾಳಿ ಮುಗಿಯುತ್ತದೆ, ಮುಂದಿನವನಿಗೆ ಹೇಳಿದವರಿಲ್ಲ.

ನಮ್ಮ ಹಳ್ಳಿಗಳಲ್ಲಿ ತೂಬು ಯಾರ ವಶದಲ್ಲಿದೆಯೆಂಬುದು ಊರಿಗೆಲ್ಲ ಗೊತ್ತಿರುತ್ತಿತ್ತು. ಸುಗ್ಗಿಯಲ್ಲಿ ನೀರುಗಂಟಿಯ ಪಾಲನ್ನು ಕಣದಲ್ಲೇ ಅಳೆದು ಕೊಡುತ್ತಿದ್ದರು. ಕೆಲಸ ಸಣ್ಣದಾದರೂ ಅದಕ್ಕೊಂದು ಹೆಸರಿತ್ತು, ಸಲ್ಲುವ ಮರ್ಯಾದೆಯಿತ್ತು. ಎಣ್ಣೆಯ ಟ್ಯಾಂಕು ಕಟ್ಟಿಸುವ ಮಾಲೀಕರು ತಗಡಿನ ದಪ್ಪವನ್ನು ವಿಚಾರಿಸಿದಷ್ಟೇ ಕಾಳಜಿಯಿಂದ, ಆ ಬೀಗದ ಕೈ ಯಾರ ಸೊಂಟದಲ್ಲಿದೆಯೆಂದು ವಿಚಾರಿಸಲಿ. ಬೇಗೂರಿನ ಕೆರೆಗೆ ಮುಂಗಾರಿನ ನೀರು ನೀರಾಗಿಯೇ ಬಂದು ಸೇರಬೇಕಾದರೆ ಅಷ್ಟು ವಿಚಾರಣೆ ನಡೆಯಲೇಬೇಕು.