ಗಿರಿಜಾಬಾಯಿ ಬೇಡವೆಂದ ಮಾಸಾಶನ

ಅಕ್ಕತಂಗಿಯರೇ,

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿಯಿಂದ ಒಂದು ದಿನದ ಕೂಲಿ ಬಿಟ್ಟು ಬಂದಿದ್ದೀರಿ. ಉದ್ದ ಭಾಷಣ ಮಾಡುವುದಿಲ್ಲ. ನಮ್ಮ ದೇಶದಲ್ಲಿ ಶಾಸನಸಭೆಯ ಚುನಾವಣೆಗೆ ನಿಂತ ಮೊದಲ ಹೆಂಗಸರಲ್ಲೊಬ್ಬರು ಮಂಗಳೂರಿನ ಕಮಲಾದೇವಿ ಚಟ್ಟೋಪಾಧ್ಯಾಯ. ಅವರ ವಿಷಯ ಹೇಳುತ್ತೇನೆ.

ಹುಟ್ಟಿದ್ದು 1903ರಲ್ಲಿ. ತಂದೆ ದೊಡ್ಡ ಸರಕಾರಿ ಅಧಿಕಾರಿ. ಅವರು ಉಯಿಲು ಬರೆಯದೆ ತೀರಿಕೊಂಡಾಗ ಈಕೆಗೆ ಏಳು ವರ್ಷ. ಆಸ್ತಿಯೆಲ್ಲ ಮಲಮಗನ ಪಾಲಾಯಿತು. ತಾಯಿ ಗಿರಿಜಾಬಾಯಿಗೆ ಸಿಕ್ಕಿದ್ದು ಬರೀ ಮಾಸಾಶನ. ಆ ತಾಯಿ ಅದನ್ನೂ ಬೇಡವೆಂದರು, ತವರಿನಿಂದ ತಂದಿದ್ದರಲ್ಲೇ ಮಕ್ಕಳನ್ನು ಬೆಳೆಸಿದರು.

"ನೋಡ್ರೀ, ವರದಕ್ಷಿಣೆ ಕೈ ಹಿಡೀತಲ್ಲ" ಅಂತ ಯಾರಾದರೂ ಅಂದಾರು. ಗಿರಿಜಾಬಾಯಿ ತಂದದ್ದು ಅವರ ಕೈಯಲ್ಲೇ ಉಳಿದಿತ್ತು, ತಾಯೀ. ನಾವು ಕೊಡುವ ರೊಕ್ಕ, ಬಂಗಾರ, ಮೋಟಾರ್‌ಸೈಕಲ್ಲು ಯಾರ ಕೈ ಸೇರುತ್ತದೆ? 1961ರ ವರದಕ್ಷಿಣೆ ನಿಷೇಧ ಕಾಯ್ದೆ ಕೊಡುವುದನ್ನೂ ತೆಗೆದುಕೊಳ್ಳುವುದನ್ನೂ ಅಪರಾಧ ಎನ್ನುತ್ತದೆ. ತೆಗೆದುಕೊಂಡದ್ದನ್ನು ಮೂರು ತಿಂಗಳೊಳಗೆ ಹೆಣ್ಣಿಗೇ ಒಪ್ಪಿಸಬೇಕು ಎಂದೂ ಹೇಳುತ್ತದೆ. ಇದನ್ನು ನಮಗೆ ಹೇಳಿದವರೆಷ್ಟು ಮಂದಿ?

ಕಮಲಾದೇವಿಗೆ ಚಿಕ್ಕ ವಯಸ್ಸಿನಲ್ಲೇ ಮದುವೆ, ಬೇಗನೆ ವೈಧವ್ಯ. ಓದು ಬಿಡಲಿಲ್ಲ. ಮರುಮದುವೆಯಾದರು, ಅದು ಹೊಂದಲಿಲ್ಲ, ಅದರಿಂದಲೂ ಹೊರಬಂದರು. ಊರು ಸುಮ್ಮನಿದ್ದೀತೇ?

1926ರಲ್ಲಿ ಹೆಂಗಸರೂ ಚುನಾವಣೆಗೆ ನಿಲ್ಲಬಹುದೆಂದಾಯಿತು. ಐರ್ಲೆಂಡಿನಿಂದ ಬಂದಿದ್ದ ಮಾರ್ಗರೆಟ್ ಕಸಿನ್ಸ್ ಎಂಬಾಕೆ ಬೆನ್ನಿಗೆ ನಿಂತರು. ಇಪ್ಪತ್ಮೂರರ ಕಮಲಾದೇವಿ ಮಂಗಳೂರಿನಿಂದ ಮದ್ರಾಸ್ ಶಾಸನ ಪರಿಷತ್ತಿಗೆ ಸ್ಪರ್ಧಿಸಿದರು. ಪ್ರಚಾರಕ್ಕೆ ಸಿಕ್ಕಿದ್ದು ಕೆಲವೇ ದಿನ. ಆಗ ಮತದ ಹಕ್ಕು ಆಸ್ತಿ, ತೆರಿಗೆ ಇದ್ದವರಿಗೆ ಮಾತ್ರ. ಆಸ್ತಿಯೇ ಇಲ್ಲದ ಹೆಂಗಸಿಗೆ ಎಲ್ಲಿಯ ಓಟು? ಸ್ವಲ್ಪದರಲ್ಲೇ ಸೋತರು. ನಮ್ಮ ಈ ಐದೂ ಊರು ಆಗ ನಿಜಾಮರ ಆಳ್ವಿಕೆಯಲ್ಲಿದ್ದವು.

1930ರಲ್ಲಿ ಮುಂಬಯಿಯಲ್ಲಿ ಉಪ್ಪು ಮಾರಿ ಜೈಲಿಗೆ ಹೋದರು. ಸ್ವಾತಂತ್ರ್ಯ ಬಂದ ಮೇಲೆ ಪದವಿಯ ಹಿಂದೆ ಹೋಗದೆ ನಿರಾಶ್ರಿತರ ನಡುವೆ ಸಹಕಾರ ಸಂಘ ಕಟ್ಟಿದರು, ನೇಕಾರರ, ಕುಶಲಕರ್ಮಿಗಳ ಬದುಕಿಗೆ ದುಡಿದರು. 1988ರಲ್ಲಿ ತೀರಿಕೊಂಡರು.

ಹಿಂದೂ ಕುಟುಂಬದ ಪಿತ್ರಾರ್ಜಿತದಲ್ಲಿ ಹೆಣ್ಣುಮಕ್ಕಳಿಗೆ ಗಂಡುಮಕ್ಕಳಷ್ಟೇ ಪಾಲು ಕರ್ನಾಟಕದಲ್ಲಿ ಬಂದದ್ದು 1994ರಲ್ಲಿ, ಅದೂ ಆಗ ಮದುವೆಯಾಗದೆ ಇದ್ದವರಿಗೆ. ಮದುವೆಯಾದವರಿಗೂ ಸಿಕ್ಕಿದ್ದು 2005ರ ತಿದ್ದುಪಡಿಯಿಂದ. ಆದರೂ ತೊಗರಿ ಹೊಲ ಭಾಗವಾಗುವಾಗ ಅಣ್ಣತಮ್ಮಂದಿರ ಮಾತು ಒಂದೇ: "ಮದುವಿಗೆ ಕೊಟ್ಟೀವಲ್ಲ, ಇನ್ನೆಂಥ ಪಾಲು?" ಹಕ್ಕು ಬಿಡುಗಡೆ ಪತ್ರ ಮುಂದಿಡುತ್ತಾರೆ, ಸೀರೆ ಉಡಿಸಿ ಸಹಿ ಹಾಕಿಸಿಕೊಳ್ಳುತ್ತಾರೆ. ಅಂಥ ಕಾಗದ ಬಂದರೆ, ಹೆಬ್ಬೆಟ್ಟು ಒತ್ತುವ ಮೊದಲು ಸಂಘಕ್ಕೆ ತನ್ನಿ. ಓದಬಲ್ಲ ಹುಡುಗಿಯೊಬ್ಬಳಿಂದ ಎಲ್ಲರೆದುರು ಗಟ್ಟಿಯಾಗಿ ಓದಿಸೋಣ.