ಹೂಲಿ: ಒಂದು ಊರಿನ ಚರಿತ್ರೆಯನ್ನು ಓದುವ ಬಗೆ



ಬೆಳಗಾವಿ ಜಿಲ್ಲೆಯ ಸವದತ್ತಿಯ ಹೆಸರನ್ನು ನೀವೆಲ್ಲ ಕೇಳಿದ್ದೀರಿ. ಎಲ್ಲಮ್ಮನ ಗುಡ್ಡಕ್ಕೆ ಹೋಗಿಬಂದವರೂ ನಿಮ್ಮಲ್ಲಿ ಅನೇಕರಿರಬಹುದು. ಆದರೆ ಸವದತ್ತಿಯಿಂದ ಸುಮಾರು ಒಂಬತ್ತು ಕಿಲೋಮೀಟರು ದೂರದಲ್ಲಿರುವ ಹೂಲಿಯನ್ನು ಕಂಡವರು ಕಡಿಮೆ. ಗುಡ್ಡದ ಮಗ್ಗುಲಲ್ಲಿರುವ ಊರು ಅದು. ಗುಡ್ಡದ ಮೇಲೆ ಹಳೆಯ ಕೋಟೆ, ಕೆಳಗೆ ಚಾಲುಕ್ಯರ ಕಾಲದ ಗುಡಿಗಳು. ಪಂಚಲಿಂಗೇಶ್ವರ, ತಾರಕೇಶ್ವರ, ಮದನೇಶ್ವರ, ಅಂಧಕೇಶ್ವರ, ಅಗಸ್ತ್ಯೇಶ್ವರ ಹೀಗೆ ಹೆಸರುಗಳು ಸಾಲುಗಟ್ಟುತ್ತವೆ. ಇವುಗಳಲ್ಲಿ ಪಂಚಲಿಂಗೇಶ್ವರ ಗುಡಿ ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯ ಸಂರಕ್ಷಣೆಯಲ್ಲಿದೆ.

ಕೆಲವು ವರ್ಷಗಳ ಹಿಂದೆ ಒಂದು ಕಾರ್ಯಕ್ರಮದ ಚಿತ್ರೀಕರಣಕ್ಕಾಗಿ ನಾನು ಹೂಲಿಗೆ ಹೋಗಿದ್ದೆ. ಅಲ್ಲಿ ನಾನು ಮಾಡಿದ ಒಂದು ತಪ್ಪನ್ನು ಹೇಳುವುದಕ್ಕಾಗಿಯೇ ಇಂದು ನಿಮ್ಮ ಮುಂದೆ ಕುಳಿತಿದ್ದೇನೆ.

ಹೂಲಿಯ ಶಾಸನಗಳಲ್ಲಿ ಈ ಊರು ಒಂದು ದೊಡ್ಡ ಅಗ್ರಹಾರ. ಅದರ ಆಡಳಿತ ನೋಡಿಕೊಳ್ಳುತ್ತಿದ್ದವರು ಮಹಾಜನರು. ಅವರನ್ನು ಶಾಸನ ‘ಸಾಸಿರ್ವರು’ ಎಂದು ಕರೆಯುತ್ತದೆ, ಅಂದರೆ ಸಾವಿರ ಮಂದಿ. ಇದನ್ನು ಓದಿದೊಡನೆ ನನ್ನ ಲೇಖನಿ ಹಾರತೊಡಗಿತು. “ಸಾವಿರ ಪಂಡಿತರು ನೆಲೆಸಿದ್ದ ಊರು, ಮನೆಮನೆಯಲ್ಲಿ ವೇದಘೋಷ, ಕೊರತೆಯೆಂಬುದೇ ಇಲ್ಲದ ಸುವರ್ಣಯುಗ” ಎಂದು ನಿರೂಪಣೆ ಬರೆದೆ. ಪಂಚಲಿಂಗೇಶ್ವರನ ಗುಡಿಯೆದುರು ಅದನ್ನೇ ಗಟ್ಟಿಯಾಗಿ ಓದಿ ನೋಡುತ್ತಿದ್ದಾಗ, ಕಟ್ಟೆಯ ಮೇಲೆ ಕುಳಿತಿದ್ದ ಮುದುಕಿಯೊಬ್ಬಳು ಕೇಳಿದಳು:

“ಯಪ್ಪಾ, ಸಾವಿರ ಮಂದಿ ಬರೇ ಓದಕೋತ ಕುಂತ್ರ, ಹೊಲಾ ಯಾರ ಉಳತಿದ್ರು? ಹಿಟ್ಟ ಯಾರ ಬೀಸತಿದ್ರು?”

ನಾನು ನಕ್ಕು, “ಅದನ್ನ ಕಲ್ಲಿನೊಳಗ ಬರದಿಲ್ಲ ಆಯಿ” ಎಂದೆ.

“ಕಲ್ಲ ಬರಸಿದಾವ ತನ್ನ ಹೆಸರ ಬರಸ್ತಾನ. ನಂದ್ಯಾಕ ಬರಸ್ಯಾನು?” ಎಂದಳು.

ಆಗ ಕ್ಯಾಮರಾ ಓಡುತ್ತಿರಲಿಲ್ಲ. ಆ ಮಾತು ಕಾರ್ಯಕ್ರಮದಲ್ಲಿ ಬರಲಿಲ್ಲ. ನನ್ನ ಸುವರ್ಣಯುಗವೇ ಪ್ರಸಾರವಾಯಿತು. ಮುಂದೆ ಒಂದು ವರ್ಷ ಕಳೆದ ಮೇಲೆ ಬೇರೊಂದು ಊರಿನ ಶಾಲೆಯಲ್ಲಿ ಭಾಷಣ ಸ್ಪರ್ಧೆಗೆ ತೀರ್ಪುಗಾರನಾಗಿ ಹೋಗಿದ್ದೆ. ಎಂಟನೆಯ ತರಗತಿಯ ಹುಡುಗಿಯೊಬ್ಬಳು ನನ್ನ ವಾಕ್ಯಗಳನ್ನೇ ಒಂದಕ್ಷರ ಬಿಡದೆ ಹೇಳಿದಳು. “ಹೀಗೆಂದು ಚರಿತ್ರೆ ಸಾರುತ್ತದೆ” ಎಂದು ಕೊನೆಗೆ ಸೇರಿಸಿದಳು. ಸಭೆ ಚಪ್ಪಾಳೆ ತಟ್ಟಿತು. ನನಗೆ ಮಾತ್ರ ತಲೆ ಎತ್ತಲಾಗಲಿಲ್ಲ. ಏಕೆಂದರೆ ಚರಿತ್ರೆ ಹಾಗೆ ಸಾರಿರಲಿಲ್ಲ, ಸಾರಿದವನು ನಾನು.

ನಾನು ವಿಜ್ಞಾನ ಓದಿದವನು. ಬಿ.ಎಸ್ಸಿ. ತರಗತಿಯಲ್ಲಿ ನಮ್ಮ ಮೇಷ್ಟ್ರು ಪ್ರಯೋಗದ ದಾಖಲೆ ಪುಸ್ತಕದ ಎಡಪುಟದಲ್ಲಿ ಕಂಡದ್ದನ್ನೂ ಬಲಪುಟದಲ್ಲಿ ಅದರಿಂದ ಊಹಿಸಿದ್ದನ್ನೂ ಬರೆಸುತ್ತಿದ್ದರು. ಒಂದನ್ನು ಇನ್ನೊಂದರಲ್ಲಿ ಬೆರೆಸಿದರೆ ಪುಸ್ತಕ ಮರಳಿ ಬರುತ್ತಿತ್ತು. ಊರಿನ ಚರಿತ್ರೆಗೂ ಇದೇ ಶಿಸ್ತು ಬೇಕು. ಹಳೆಯ ಕಾಲದ ಮೇಲಿನ ಮೋಹ ನಮ್ಮಿಂದ ಈ ಎರಡು ಪುಟಗಳನ್ನು ಬೆರೆಸಿಬಿಡುತ್ತದೆ. ಬನ್ನಿ, ಹೂಲಿಯನ್ನು ಇನ್ನೊಮ್ಮೆ, ಈ ಸಲ ಎರಡು ಪುಟಗಳಲ್ಲಿ ಓದೋಣ.

ಮೊದಲು ಊರಿನ ಹೆಸರು. ಶಾಸನಗಳಲ್ಲಿ ಇದು ‘ಪೂಲಿ’. ಇದು ಎಡಪುಟದ ಮಾತು. ಹಳಗನ್ನಡದ ಪಕಾರ ಹತ್ತನೆಯ ಶತಮಾನದಿಂದೀಚೆಗೆ ನಿಧಾನವಾಗಿ ಹಕಾರವಾಯಿತು ಎಂಬುದನ್ನು ನೀವು ವ್ಯಾಕರಣದಲ್ಲಿ ಓದಿದ್ದೀರಿ. ಪಾಲು ಹಾಲಾಯಿತು, ಪಳ್ಳಿ ಹಳ್ಳಿಯಾಯಿತು, ಪೂ ಹೂವಾಯಿತು. ಹಾಗೆಯೇ ಪೂಲಿ ಹೂಲಿಯಾಯಿತು. ಭೂಮಿಯ ಪದರಗಳಲ್ಲಿ ಪಳೆಯುಳಿಕೆ ಸಿಗುವಂತೆ ಊರಿನ ಹೆಸರಿನಲ್ಲಿ ಭಾಷೆಯ ಹಳೆಯ ಪದರ ಸಿಗುತ್ತದೆ. ಇನ್ನು ‘ಇದು ಹೂವಿನ ಊರು’ ಎಂಬ ಅರ್ಥ ವಿವರಣೆಯಿದೆಯಲ್ಲ, ಅದು ಸೊಗಸಾಗಿದೆ. ಆದರೆ ಅದನ್ನು ಬಲಪುಟದಲ್ಲಿ ಬರೆದುಕೊಳ್ಳಿ.

ಎರಡನೆಯದು ಕಾಲ. ಶಾಸನದ ವರ್ಷವನ್ನು ಪರೀಕ್ಷಿಸಲು ಒಂದು ಸುಲಭವಾದ ಲೆಕ್ಕವಿದೆ. ಶಕವರ್ಷಕ್ಕೆ 78 ಕೂಡಿಸಿದರೆ ಹೆಚ್ಚು ಕಡಿಮೆ ಕ್ರಿಸ್ತಶಕದ ವರ್ಷ ಸಿಗುತ್ತದೆ. ಶಕವರ್ಷಕ್ಕೆ 12 ಕೂಡಿಸಿ 60ರಿಂದ ಭಾಗಿಸಿದರೆ, ಉಳಿದ ಶೇಷವೇ ಪ್ರಭವದಿಂದ ಎಣಿಸಿದ ಸಂವತ್ಸರದ ಸಂಖ್ಯೆ. ಒಂದು ಉದಾಹರಣೆ ನೋಡಿ. ಕಲ್ಯಾಣದ ಚಾಲುಕ್ಯ ದೊರೆ ಆರನೆಯ ವಿಕ್ರಮಾದಿತ್ಯನು 1076ರಲ್ಲಿ ಪಟ್ಟಕ್ಕೆ ಬಂದು, ಶಕವರ್ಷದ ಬದಲು ಚಾಲುಕ್ಯ ವಿಕ್ರಮ ವರ್ಷವೆಂಬ ಹೊಸ ಎಣಿಕೆ ಆರಂಭಿಸಿದ. ಅದು ಶಕ 998. ಅದಕ್ಕೆ 12 ಕೂಡಿಸಿದರೆ 1010. ಅರವತ್ತರಿಂದ ಭಾಗಿಸಿದರೆ ಶೇಷ 50. ಐವತ್ತನೆಯ ಸಂವತ್ಸರ ನಳ. ಶಾಸನಗಳಲ್ಲಿಯೂ ಆ ಮೊದಲ ವರ್ಷ ನಳ ಅಥವಾ ಅನಳ ಸಂವತ್ಸರವೇ. ಲೆಕ್ಕ ತಾಳೆಯಾಯಿತು! ಎಲ್ಲಿಯಾದರೂ ತಾಳೆಯಾಗದಿದ್ದರೆ ಒಂದೋ ಓದಿದವರು ಅಂಕಿಯನ್ನು ತಪ್ಪಾಗಿ ಓದಿರಬೇಕು, ಇಲ್ಲವೆ ಬರೆದವನೇ ತಪ್ಪಿರಬೇಕು.

ಮೂರನೆಯದು ಈ ಕಲ್ಲುಗಳನ್ನು ಓದಿದವರ ಕಥೆ. ಹೂಲಿಯ ಶಾಸನಗಳನ್ನು ಬಿ.ಎಲ್. ರೈಸ್ ಅವರ ‘ಎಪಿಗ್ರಾಫಿಯಾ ಕರ್ನಾಟಿಕಾ’ ಸಂಪುಟಗಳಲ್ಲಿ ಹುಡುಕಬೇಡಿ, ಸಿಗುವುದಿಲ್ಲ. ರೈಸ್ ಅವರ ಕೆಲಸ ಮೈಸೂರು ಸಂಸ್ಥಾನ ಮತ್ತು ಕೊಡಗಿಗೆ ಸೇರಿದ್ದು. ಬೆಳಗಾವಿ ಆಗ ಮುಂಬಯಿ ಪ್ರಾಂತಕ್ಕೆ ಸೇರಿತ್ತು, ಸವದತ್ತಿಯ ಸುತ್ತಲಿನ ತಾಲ್ಲೂಕಿಗೆ ಪರಸಗಡ ಎಂಬ ಹೆಸರಿತ್ತು. ಮುಂಬಯಿ ಪ್ರಾಂತದಲ್ಲಿ ಅಧಿಕಾರಿಯಾಗಿದ್ದ ಜೆ.ಎಫ್. ಫ್ಲೀಟ್ ಈ ಭಾಗದ ಅನೇಕ ಶಾಸನಗಳ ಪಡಿಯಚ್ಚು ತೆಗೆಸಿದರು. ಒದ್ದೆ ಕಾಗದವನ್ನು ಕಲ್ಲಿನ ಮೇಲೆ ಹಾಸಿ, ಕುಂಚದಿಂದ ತಟ್ಟಿ ಅಕ್ಷರದ ತಗ್ಗಿಗೆ ಕೂರಿಸಿ, ಮೇಲೆ ಮಸಿ ಒತ್ತುವುದೇ ಪಡಿಯಚ್ಚು. ತಗ್ಗಿನಲ್ಲಿರುವ ಅಕ್ಷರ ಬಿಳಿಯಾಗಿ ಉಳಿಯುತ್ತದೆ. ಮುಂದೆ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿದ್ದ ಎಲ್.ಡಿ. ಬಾರ್ನೆಟ್ ಹೂಲಿಯ ಶಾಸನಗಳನ್ನು ಸಂಪಾದಿಸಿ ‘ಎಪಿಗ್ರಾಫಿಯಾ ಇಂಡಿಕಾ’ದ 18ನೆಯ ಸಂಪುಟದಲ್ಲಿ ಪ್ರಕಟಿಸಿದರು. ಒಂದು ಕಲ್ಲಿಗೆ ಸುಣ್ಣ ಬಳಿದರೆ, ಅಥವಾ ಅದನ್ನು ಮನೆಯ ಪಾಯಕ್ಕೆ ಹಾಕಿದರೆ, ಬಳಿಕ ಉಳಿಯುವುದು ಇಂಥ ಕಾಗದ ಮಾತ್ರ.

ಈಗ ಆ ಮುದುಕಿಯ ಪ್ರಶ್ನೆಗೆ ಬರೋಣ. ಹೊಲ ಉಳುತ್ತಿದ್ದವರು ಯಾರು?

‘ಸಾಸಿರ್ವರು’ ಎಂಬುದು ಜನಗಣತಿಯ ಅಂಕಿಯಲ್ಲ, ಅದು ಒಂದು ಸಭೆಯ ಹೆಸರು. ಬೇರೆ ಅಗ್ರಹಾರಗಳಲ್ಲಿ ನಾನೂರ್ವರು, ಇನ್ನೂರ್ವರು ಎಂಬ ಸಭೆಗಳಿದ್ದವು. ದಾನ ಕೊಟ್ಟವರು, ಪಡೆದವರು, ಸಾಕ್ಷಿಯಾದವರು, ಇವರ ಹೆಸರೇ ಶಾಸನದಲ್ಲಿ ಮುಂದೆ ಬರುತ್ತದೆ. ದುಡಿದವರು ಹೆಸರಿಲ್ಲದೆ ಉಳಿಯುವುದೇ ಹೆಚ್ಚು. ಆದರೂ ನಮ್ಮ ದಾನಶಾಸನಗಳನ್ನು ನಿಧಾನವಾಗಿ ಓದಿದರೆ ಅವರು ಸಾಲುಗಳ ನಡುವೆ ಕಾಣುತ್ತಾರೆ. ನಂದಾದೀಪಕ್ಕೆ ಗಾಣದ ಎಣ್ಣೆ ಬಿಟ್ಟರೆಂದು ಬಂದಲ್ಲಿ ತೆಲ್ಲಿಗನಿದ್ದಾನೆ. ಹೂದೋಟ ಬಿಟ್ಟರೆಂದು ಬಂದಲ್ಲಿ ಮಾಲೆಗಾರನಿದ್ದಾನೆ. ಇಷ್ಟು ಮತ್ತರು ಭೂಮಿ ಎಂದು ಬಂದಲ್ಲಿ, ಆ ಭೂಮಿಯನ್ನು ಉತ್ತವನು ಇರಲೇಬೇಕು.

ಇನ್ನೊಂದು ಸಂಗತಿ ಗಮನಿಸಿ. ದಾನಶಾಸನಗಳು ಸಾಮಾನ್ಯವಾಗಿ ಒಂದು ಶಾಪದೊಂದಿಗೆ ಮುಗಿಯುತ್ತವೆ. ಈ ದಾನವನ್ನು ಕೆಡಿಸಿದವನಿಗೆ ವಾರಣಾಸಿಯಲ್ಲಿ ಗೋವುಗಳನ್ನು ಕೊಂದ ಪಾಪ ಬರಲಿ ಎಂದು. ಇದು ಎಡಪುಟ. ಬಲಪುಟದಲ್ಲಿ ಏನು ಬರೆಯುತ್ತೀರಿ? ಶಾಪ ಹಾಕಬೇಕಾಗಿ ಬಂದಿತ್ತೆಂದರೆ, ಕೊಟ್ಟ ಭೂಮಿಯನ್ನು ಕಿತ್ತುಕೊಳ್ಳುವವರು ಆಗಲೂ ಇದ್ದರು ಎಂದಲ್ಲವೆ? ಎಲ್ಲರೂ ಸುಖಿಗಳಾಗಿದ್ದ ಸುವರ್ಣಯುಗಕ್ಕೆ ಇಂಥ ಶಾಪದ ಕಾವಲು ಬೇಕಿರಲಿಲ್ಲ.

ಹೊರದೇಶದ ಒಂದು ಹೋಲಿಕೆ ಕೊಡುತ್ತೇನೆ. ನಮ್ಮ ವಿಕ್ರಮಾದಿತ್ಯ ಪಟ್ಟಕ್ಕೆ ಬಂದ ಹತ್ತು ವರ್ಷಗಳ ಬಳಿಕ, 1086ರಲ್ಲಿ, ಇಂಗ್ಲೆಂಡಿನ ದೊರೆ ವಿಲಿಯಂ ತನ್ನ ರಾಜ್ಯದ ಹಳ್ಳಿಗಳ ಲೆಕ್ಕ ಬರೆಸಿದ. ಅದೇ ‘ಡೂಮ್ಸ್‌ಡೇ ಬುಕ್’. ಅವನ ಉದ್ದೇಶ ತೆರಿಗೆ. ಆದರೆ ಅದರಿಂದಾಗಿ ಊರಿನಲ್ಲಿ ಎಷ್ಟು ನೇಗಿಲು, ಎಷ್ಟು ಗಿರಣಿ, ಎಷ್ಟು ಒಕ್ಕಲು, ಎಷ್ಟು ಗುಲಾಮರು ಎಂಬ ಎಣಿಕೆ ಉಳಿಯಿತು. ಆ ದೇಶದಲ್ಲಿ ತಮ್ಮೂರಿನ ಚರಿತ್ರೆ ಬರೆಯುವುದು ಹಳೆಯ ಹವ್ಯಾಸ. ಗಿಲ್ಬರ್ಟ್ ವೈಟ್ ಎಂಬ ಪಾದ್ರಿ ತನ್ನ ಹಳ್ಳಿ ಸೆಲ್ಬೋರ್ನಿನ ಹಕ್ಕಿ, ಗಿಡ, ಹಳೆಯ ಕಟ್ಟಡಗಳ ಮೇಲೆ 1789ರಲ್ಲಿ ಪುಸ್ತಕ ಪ್ರಕಟಿಸಿದ. ಡಬ್ಲ್ಯು.ಜಿ. ಹಾಸ್ಕಿನ್ಸ್ ಎಂಬ ವಿದ್ವಾಂಸರು 1955ರ ತಮ್ಮ ಗ್ರಂಥದಲ್ಲಿ ಬೇಲಿ, ಹೊಲದ ಬದು, ಕಾಲುದಾರಿಗಳನ್ನೇ ದಾಖಲೆಯಂತೆ ಓದುವುದನ್ನು ತೋರಿಸಿಕೊಟ್ಟರು. ಅಲ್ಲಿಯೂ ‘ನಮ್ಮ ಕಾಲದ ಹಳ್ಳಿ ಎಷ್ಟು ಚೆಂದವಿತ್ತು’ ಎಂಬ ಹಾಡುಪಾಡು ಬೇಕಾದಷ್ಟಿದೆ. ಆದರೆ ಗುಲಾಮರ ಲೆಕ್ಕ ಪುಸ್ತಕದಲ್ಲಿರುವಾಗ ಆ ಹಾಡನ್ನು ಪೂರ್ತಿ ನಂಬುವಂತಿಲ್ಲ.

ನಮ್ಮಲ್ಲಿ ಅಂಥ ಒಂದು ಪುಸ್ತಕವಿಲ್ಲ. ನಮ್ಮಲ್ಲಿರುವುದು ಕಲ್ಲು, ಮತ್ತು ಜನರ ಬಾಯಿ.

ಆ ಭಾಷಣ ಸ್ಪರ್ಧೆಯ ಬಳಿಕ ನಾನು ಮತ್ತೆ ಹೂಲಿಗೆ ಹೋದೆ. ಕ್ಯಾಮರಾ ಒಯ್ಯಲಿಲ್ಲ. ಪುಣ್ಯಕ್ಕೆ ಆ ಆಯಿ ಅದೇ ಕಟ್ಟೆಯ ಮೇಲೆ ಸಿಕ್ಕಳು. ನನ್ನ ಗುರುತು ಅವಳಿಗೆ ಹತ್ತಲಿಲ್ಲ, ತಾನು ಕೇಳಿದ ಪ್ರಶ್ನೆಯೂ ನೆನಪಿರಲಿಲ್ಲ. “ನೀವು ಯಾವ ಯಾವ ಹೊಲಕ್ಕ ಕೆಲಸಕ್ಕ ಹೋಗತಿದ್ರಿ ಆಯಿ?” ಎಂದು ಕೇಳಿದೆ. ಅವಳು ಬೆರಳು ಮಡಚುತ್ತ ಹೇಳತೊಡಗಿದಳು. ಸರ್ವೆ ನಂಬರು ಒಂದೂ ಅವಳಿಗೆ ಗೊತ್ತಿರಲಿಲ್ಲ. “ಹುಣಸೀಮರದ ಹೊಲ. ಅದರ ಮೂಡಲಕ ಹಳ್ಳ. ಹಳ್ಳದ ಆಚೀಕ ಕರೀಕಲ್ಲಿನ ಪಟ್ಟಿ...” ಎನ್ನುತ್ತ ಹೋದಳು. ಯಾವ ಹೊಲದಲ್ಲಿ ಜೋಳ ಚೆನ್ನಾಗಿ ಬರುತ್ತಿತ್ತು, ಯಾವ ಬಾವಿಯ ನೀರು ಬೇಸಿಗೆಯಲ್ಲೂ ಬತ್ತುತ್ತಿರಲಿಲ್ಲ, ಯಾವ ಬಾವಿಯಿಂದ ಯಾರು ನೀರು ಸೇದುವಂತಿರಲಿಲ್ಲ, ಎಲ್ಲವನ್ನೂ ಹೇಳಿದಳು.

ಬರೆದುಕೊಳ್ಳುತ್ತಿದ್ದ ನನಗೆ ಥಟ್ಟನೆ ಹೊಳೆಯಿತು. ಇದನ್ನು ನಾನು ಓದಿದ್ದೇನೆ! ನಮ್ಮ ದಾನಶಾಸನಗಳು ಭೂಮಿಯ ಎಲ್ಲೆ ಹೇಳುವುದೂ ಹೀಗೆಯೇ. ಮೂಡಲು ಇಂಥ ಮರ, ತೆಂಕಲು ಇಂಥ ಹಳ್ಳ, ಪಡುವಲು ನೆಟ್ಟ ಕಲ್ಲು. ಶಾಸನದ ಪದ್ಯಗಳನ್ನು ಕವಿ ಬರೆದಿರಬಹುದು. ಆದರೆ ಎಲ್ಲೆಯ ಸಾಲುಗಳನ್ನು ಹೇಳಿಕೊಟ್ಟವರು ಆ ನೆಲದಲ್ಲಿ ಓಡಾಡಿದವರೇ ಇರಬೇಕು. ಇದು ನನ್ನ ಬಲಪುಟದ ಮಾತು, ಒಪ್ಪಿಕೊಳ್ಳುತ್ತೇನೆ. ಆದರೆ ಆಯಿಯ ಪ್ರಶ್ನೆಗೆ ನನಗೆ ಸಿಕ್ಕ ಉತ್ತರವೂ ಅದೇ. ಅವಳಂಥವರು ಕಲ್ಲಿನಲ್ಲಿ ಇದ್ದಾರೆ. ಹೆಸರು ಮಾತ್ರ ಇಲ್ಲ.

ಮಿತ್ರರೆ, ಇಂಥ ನೆನಪು ಬಹಳ ಕಾಲ ಕಾಯುವುದಿಲ್ಲ. 1970ರ ದಶಕದಲ್ಲಿ ಸವದತ್ತಿಯ ಬಳಿ ನವಿಲುತೀರ್ಥದಲ್ಲಿ ಮಲಪ್ರಭೆಗೆ ಕಟ್ಟಿದ ಅಣೆಕಟ್ಟಿನಿಂದ ಈ ನಾಡಿನ ಒಣಭೂಮಿಗೆ ನೀರು ಬಂತು. ಅದೇ ರೇಣುಕಾಸಾಗರದ ಹಿನ್ನೀರಿನಲ್ಲಿ ಕೆಲವು ಹಳ್ಳಿಗಳ ಹಳೆಯ ನೆಲೆಗಳು ಮುಳುಗಿದವು. ಆ ಹೊಲಗಳ ಹೆಸರುಗಳು ಈಗ ಅಲ್ಲಿಂದ ಎದ್ದುಬಂದವರ ನಾಲಿಗೆಯ ಮೇಲೆ ಮಾತ್ರ ಇವೆ. ಮುಳುಗದ ಊರುಗಳಲ್ಲಿಯೂ ಅಂಥ ಹೆಸರು ಬಲ್ಲವರು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ. ಕರ್ನಾಟಕ ಜಾನಪದ ವಿಶ್ವವಿದ್ಯಾಲಯ ಗ್ರಾಮಚರಿತ್ರೆ ಕೋಶದ ಸಂಪುಟಗಳನ್ನು ಹೊರತಂದಿದೆ. ಅದು ಒಳ್ಳೆಯ ಕೆಲಸ. ಆದರೆ ನಿಮ್ಮ ಓಣಿಯ ಕೊನೆಯ ಮನೆಯವರೆಗೂ ಹೋಗಬಲ್ಲವರು ನೀವೇ.

ಒಂದು ನೂರು ಪುಟದ ನೋಟುಬುಕ್ಕು ತೆಗೆದುಕೊಳ್ಳಿ. ಎಡಕ್ಕೆ ಕಂಡದ್ದು, ಕೇಳಿದ್ದು. ಯಾರು ಹೇಳಿದರು, ಯಾವ ದಿನ ಹೇಳಿದರು ಎಂಬುದೂ ಅಲ್ಲಿಯೇ ಇರಲಿ. ಬಲಕ್ಕೆ ನಿಮ್ಮ ಊಹೆ. ಊರಿನ ಹೊಲಗಳ ಹೆಸರು, ಬಾವಿಗಳ ಹೆಸರು, ಓಣಿಗಳ ಹೆಸರು ಮೊದಲು ಬರೆಯಿರಿ. ಶಾಸನದ ಕಲ್ಲು ಕಂಡರೆ ಅದರ ಮೇಲೆ ಸುಣ್ಣ ತುಂಬಬೇಡಿ, ಕೆರೆಯಬೇಡಿ. ಬೆಳಗಿನ ಇಲ್ಲವೆ ಸಂಜೆಯ ಓರೆಬಿಸಿಲಿನಲ್ಲಿ ಅಕ್ಷರದ ನೆರಳು ಎದ್ದು ಕಾಣುತ್ತದೆ, ಆಗ ಫೋಟೋ ತೆಗೆಯಿರಿ. ಹಿರಿಯರನ್ನು ಕೇಳುವಾಗ ‘ಆಗಿನ ಕಾಲ ಚೆನ್ನಾಗಿತ್ತಲ್ಲವೆ?’ ಎಂದು ಕೇಳಬೇಡಿ. ಹಾಗೆ ಕೇಳಿದರೆ ‘ಹೌದು’ ಎಂಬ ಒಂದೇ ಉತ್ತರ ಬರುತ್ತದೆ. ‘ಬೆಳಗ್ಗೆ ಎದ್ದು ನೀವು ಏನೇನು ಮಾಡುತ್ತಿದ್ದಿರಿ?’ ಎಂದು ಕೇಳಿ.

ಮತ್ತು ನಾನು ಹೇಳಿದ್ದನ್ನೂ ಹಾಗೆಯೇ ಭಾಷಣದಲ್ಲಿ ಒಪ್ಪಿಸಬೇಡಿ. ಮೊದಲು ಅದು ಯಾವ ಪುಟದ ಮಾತು ಎಂದು ನೋಡಿ.