ತಂತಿಯ ತುದಿಯ ವಿಮಾನ: ಗುರುತು ಹಿಡಿಯುವುದು ಹೇಗೆ?



ಇಂಗ್ಲೆಂಡಿನಲ್ಲೋ ಅಮೆರಿಕದಲ್ಲೋ ಒಂದು ಹಳೆಯ ಮನೆಯ ಅಟ್ಟದಿಂದ ಮರದ ಪುಟ್ಟ ವಿಮಾನವೊಂದು ಕೆಳಗಿಳಿಯಿತು ಎಂದುಕೊಳ್ಳಿ. ಎರಡು ಅಡಿ ಅಗಲದ ರೆಕ್ಕೆ, ಬಿರುಕು ಬಿಟ್ಟ ಬಣ್ಣ, ಮೂಗಿನಲ್ಲಿ ಮುಷ್ಟಿಯೊಳಗೆ ಅಡಗುವಷ್ಟು ಚಿಕ್ಕ ಎಂಜಿನ್ನು. ಎಡರೆಕ್ಕೆಯ ತುದಿಯಿಂದ ಎರಡು ಸಣ್ಣ ತಂತಿಗಳು ಹೊರಗೆ ಚಾಚಿವೆ. ಮಾಡಿದ ಅಜ್ಜ ಈಗಿಲ್ಲ. ಮನೆಯವರಿಗೆ ಮೊದಲು ತೋಚುವುದು ಉಪ್ಪುಕಾಗದ ಹಾಕಿ ತಿಕ್ಕಿ ಹೊಸ ಬಣ್ಣ ಬಳಿಯುವುದು. ದಯವಿಟ್ಟು ಆ ಕೈಯನ್ನು ತಡೆಯಿರಿ. ಗುರುತು ಹೇಳುವ ಸಾಕ್ಷಿಯೆಲ್ಲ ಇರುವುದು ಆ ಕೊಳೆಯಲ್ಲಿ, ಆ ರಂಧ್ರಗಳಲ್ಲಿ.

ತಂತಿಗಳಿಂದಲೇ ಆರಂಭಿಸೋಣ. ಇದು ಕಂಟ್ರೋಲ್ ಲೈನ್ ವಿಮಾನ. ಹಾರಿಸುವವನು ವೃತ್ತದ ಕೇಂದ್ರದಲ್ಲಿ ನಿಂತು ಹಿಡಿಕೆ ಹಿಡಿದಿರುತ್ತಾನೆ. ವಿಮಾನ ಅವನ ಸುತ್ತ ಅಪ್ರದಕ್ಷಿಣವಾಗಿ ಹಾರುತ್ತದೆ. ತಂತಿಗಳು ವಿಮಾನದೊಳಗಿನ ಬೆಲ್‌ಕ್ರ್ಯಾಂಕ್ ಎಂಬ ತಿರುಗುಸನ್ನೆಗೆ ಸೇರಿರುತ್ತವೆ. ಹಿಡಿಕೆಯನ್ನು ಓರೆ ಮಾಡಿದರೆ ಸನ್ನೆ ತಿರುಗುತ್ತದೆ, ಬಾಲದ ಎಲಿವೇಟರ್ ಏಳುತ್ತದೆ ಅಥವಾ ಇಳಿಯುತ್ತದೆ. ಎನ್.ಸಿ.ಸಿ. ವಾಯುವಿಭಾಗದಲ್ಲಿರುವ ನಿಮ್ಮಲ್ಲಿ ಕೆಲವರು ಇಂಥದನ್ನು ಕೈಯಾರೆ ಹಾರಿಸಿರಲೂಬಹುದು. ತಂತಿ ಎರಡರ ಬದಲು ಒಂದೇ ಇದ್ದರೆ ಅದು ಟೆಕ್ಸಾಸಿನ ವಿಕ್ಟರ್ ಸ್ಟಾಂಜೆಲ್ ಬಳಕೆಗೆ ತಂದ ಮೋನೋಲೈನ್ ಪದ್ಧತಿಯದು. ಅಲ್ಲಿ ತಂತಿಯನ್ನು ಎಳೆಯುವುದಿಲ್ಲ, ತಿರುಚುತ್ತಾರೆ.

ಇಂಥ ಪುಟ್ಟ ಸನ್ನೆಗೂ ಒಂದು ಮೊಕದ್ದಮೆ ನಡೆದಿದೆ ಎಂದರೆ ನೀವು ನಗಬಹುದು. ಆರೆಗಾನ್ ರಾಜ್ಯದ ಜಿಮ್ ವಾಕರ್ 1940ರ ಸುಮಾರಿಗೆ ಫೈರ್‌ಬಾಲ್ ಎಂಬ ಮಾದರಿಯಿಂದ ಈ ಕ್ರೀಡೆಯನ್ನು ಜನಪ್ರಿಯಗೊಳಿಸಿದವರು. ಈ ನಿಯಂತ್ರಣದ ಪೇಟೆಂಟ್ ಅವರ ಕೈಯಲ್ಲಿತ್ತು. 1950ರ ದಶಕದಲ್ಲಿ ಕಾಕ್ಸ್ ಕಂಪನಿಯ ಮೇಲೆ ಅವರು ದಾವೆ ಹೂಡಿದಾಗ, ಓಬಾ ಸೇಂಟ್ ಕ್ಲೇರ್ ಎಂಬ ಇನ್ನೊಬ್ಬರು 1930ರ ದಶಕದಲ್ಲೇ ಇಂಥ ಸನ್ನೆಯಿಂದ ವಿಮಾನ ಹಾರಿಸಿದ್ದರೆಂಬುದು ಹೊರಬಂತು. ಪೇಟೆಂಟ್ ನಿಲ್ಲಲಿಲ್ಲ. ಹಳೆಯ ಆಟದ ವಿಮಾನವನ್ನು ಯಾರು, ಯಾವಾಗ ಮಾಡಿದರು ಎಂಬ ಪ್ರಶ್ನೆ ಬರಿಯ ಹವ್ಯಾಸಿಗಳ ಹರಟೆಯಲ್ಲ, ನೋಡಿ.

ಈಗ ಅದು ಓಟದ ವಿಮಾನವೇ ಎಂದು ತಿಳಿಯಬೇಕು. ರೆಕ್ಕೆ ದಪ್ಪಗೆ, ವಿಶಾಲವಾಗಿದ್ದು ಅದಕ್ಕೆ ಫ್ಲ್ಯಾಪುಗಳಿದ್ದರೆ ಅದು ಬಹುಶಃ ಲಾಗ ಹಾಕುವ ಸ್ಟಂಟ್ ವಿಮಾನ. ಸೂಜಿಯಂತೆ ತೆಳ್ಳಗಿದ್ದು ಚಕ್ರಗಳೇ ಇಲ್ಲದಿದ್ದರೆ ಅದು ಸ್ಪೀಡ್ ವರ್ಗದ್ದು. ನೆಲದಿಂದೇಳುವಾಗ ಒಂದು ಗಾಡಿಯ ಮೇಲೆ ಓಡಿ, ಗಾಡಿಯನ್ನು ಅಲ್ಲೇ ಬಿಟ್ಟು ಹಾರುವಂಥದು. ಚಕ್ರವೂ ಇದೆ, ಚಾಲಕನ ಕೋಣೆಯೂ ಇದೆ, ಒಡಲು ವೇಗಕ್ಕೆ ಬೇಕಾದ್ದಕ್ಕಿಂತ ತುಸು ದಪ್ಪವೂ ಇದೆ ಎಂದರೆ ಅದು ಟೀಮ್ ರೇಸರ್. ಮೂವರು ಒಂದೇ ವೃತ್ತದಲ್ಲಿ ಒಟ್ಟಿಗೆ ಹಾರಿಸುವ ಓಟ ಇದು. ನಡುವೆ ವಿಮಾನ ಇಳಿದರೆ ಮೆಕ್ಯಾನಿಕ್ ಹಿಡಿದು, ಇಂಧನ ತುಂಬಿ, ಮತ್ತೆ ಬಿಡುತ್ತಾನೆ.

ಆ ದಪ್ಪ ಒಡಲು ನಿಯಮದ ಫಲ. ಅಂತರರಾಷ್ಟ್ರೀಯ ವರ್ಗದಲ್ಲಿ ಒಡಲಿನ ಎತ್ತರ ಕನಿಷ್ಠ 100 ಮಿ.ಮೀ., ಅಗಲ 50 ಮಿ.ಮೀ. ಇರಬೇಕು, ಎಂಜಿನ್ನು 2.5 ಘನ ಸೆಂ.ಮೀ. ಮೀರಬಾರದು. ಹಾಗಾಗಿ ಅಳತೆಪಟ್ಟಿಯೇ ಇಲ್ಲಿ ನಿಮ್ಮ ಉತ್ತಮ ಸಾಕ್ಷಿ. ಟ್ಯಾಂಕಿನ ಅಳತೆಯೂ ಮಾತಾಡುತ್ತದೆ: ಮೊದಲು 10 ಘನ ಸೆಂ.ಮೀ. ಇದ್ದ ಮಿತಿ ಮುಂದೆ 7ಕ್ಕೆ ಇಳಿಯಿತು. ತಂತಿಯ ಉದ್ದ 15.92 ಮೀಟರ್. ಯಾಕೆ ಈ ವಿಚಿತ್ರ ಸಂಖ್ಯೆ? ಎರಡು ಪೈ ಗುಣಿಸಿ ನೋಡಿ, ಸುತ್ತಳತೆ 100 ಮೀಟರ್. 100 ಸುತ್ತಿಗೆ 10 ಕಿಲೋಮೀಟರ್!

ಇನ್ನೊಂದು ಲೆಕ್ಕ. ಅರ್ಧ ಕಿಲೋ ವಿಮಾನ ಗಂಟೆಗೆ 130 ಕಿ.ಮೀ., ಅಂದರೆ ಸೆಕೆಂಡಿಗೆ 36 ಮೀಟರ್ ವೇಗದಲ್ಲಿ ಈ ವೃತ್ತದಲ್ಲಿ ಹಾರಿದರೆ, ತಂತಿಯ ಮೇಲೆ ಸುಮಾರು 4 ಕಿಲೋ ಭಾರದ ಎಳೆತ ಬೀಳುತ್ತದೆ. ಆದ್ದರಿಂದಲೇ ಬೆಲ್‌ಕ್ರ್ಯಾಂಕನ್ನು ಹಗುರವಾದ ಬಾಲ್ಸಾ ಮರಕ್ಕಲ್ಲ, ಗಟ್ಟಿ ಪ್ಲೈವುಡ್ಡಿಗೆ ಬಿಗಿಯುತ್ತಾರೆ. ತಂತಿಗಳ ತೂಕವನ್ನು ಸರಿದೂಗಿಸಲು ಹೊರರೆಕ್ಕೆಯ ತುದಿಯಲ್ಲಿ ಸೀಸದ ಚೂರು ಅಡಗಿರುತ್ತದೆ. ತಟ್ಟಿ ನೋಡಿ.

ಎಂಜಿನ್ನು ಕಾಲವನ್ನು ಹೇಳುತ್ತದೆ, ಆದರೆ ಸುಳ್ಳನ್ನೂ ಹೇಳಬಲ್ಲದು. ಸ್ಪಾರ್ಕ್ ಪ್ಲಗ್ಗು, ಕಾಯಿಲು, ಬ್ಯಾಟರಿ ಇದ್ದರೆ ಹೆಚ್ಚಾಗಿ 1940ರ ದಶಕದ್ದು. 1947ರಲ್ಲಿ ಅಮೆರಿಕದ ರೇ ಆರ್ಡನ್ ಗ್ಲೋ ಪ್ಲಗ್ ತಂದ ಮೇಲೆ ಆ ಹೊರೆ ಬೇಡವಾಯಿತು. ಸಿಲಿಂಡರಿನ ನೆತ್ತಿಯ ಮೇಲೆ ಟಿ ಆಕಾರದ ತಿರುಪು ಇದ್ದರೆ ಅದು ಡೀಸೆಲ್. ಯೂರೋಪಿನ ಟೀಮ್ ರೇಸರುಗಳಿಗೆ ಪ್ರಿಯವಾದದ್ದು ಇದೇ. ನಾಟಿಂಗ್‌ಹ್ಯಾಮಿನ ಆಲಿವರ್ ಟೈಗರ್ 1950ರ ದಶಕದಲ್ಲಿ ಮೆರೆದದ್ದು ಈ ಓಟದಲ್ಲಿ. ಅದರ ಇಂಧನದಲ್ಲಿ ಈಥರ್, ಸೀಮೆಎಣ್ಣೆಯ ಜತೆಗೆ ನಮ್ಮ ಹರಳೆಣ್ಣೆಯೂ ಇತ್ತು. ಈಥರ್ ಆರಿಹೋದರೂ ಹರಳೆಣ್ಣೆ ಮರದಲ್ಲಿ ಅಂಟಾಗಿ ಉಳಿಯುತ್ತದೆ. ಎಂಜಿನ್ ಕೂರಿಸಿದ ಮರದಲ್ಲಿ ಮುಚ್ಚಿದ ಹಳೆಯ ಬೋಲ್ಟು ರಂಧ್ರಗಳು ಕಂಡರೆ, ಈಗಿನ ಎಂಜಿನ್ನು ಎರಡನೆಯದೋ ಮೂರನೆಯದೋ ಎಂದು ತಿಳಿಯಿರಿ.

ಇನ್ನೊಂದು ಬಲೆಯೂ ಇದೆ. ವಿಮಾನ ನಿಜವಾದ ರೇಸಿಂಗ್ ವಿಮಾನದ ಪಡಿಯಚ್ಚಿನಂತಿದ್ದು ಎಂಟನೆಯ ಒಂದು ಅಳತೆಯಲ್ಲಿದ್ದರೆ ಅದು ಗುಡ್‌ಇಯರ್ ವರ್ಗದ್ದಿರಬಹುದು. ಕ್ಲೀವ್‌ಲ್ಯಾಂಡಿನಲ್ಲಿ 1947ರಲ್ಲಿ ಆರಂಭವಾದ ಗುಡ್‌ಇಯರ್ ಟ್ರೋಫಿಗೆ ಹಾರಿದ ಕಾಸ್ಮಿಕ್ ವಿಂಡ್‌ನಂಥ ವಿಮಾನಗಳ ನಕಲು ಇವು. ಆದರೆ ಆ ಮಾದರಿ ಓಟ ಬಂದದ್ದು ಬಹಳ ವರ್ಷಗಳ ನಂತರ. ಮೂಲದ ಇಸವಿಯನ್ನು ನಕಲಿಗೆ ಅಂಟಿಸಬೇಡಿ.

ಕಡೆಗೆ ಹೆಸರು. ರೆಕ್ಕೆಯ ಅಗಲ, ಪಕ್ಕೆಗಳ ಸಂಖ್ಯೆ, ಬಾಲದ ಆಕಾರ ಬರೆದುಕೊಂಡು, 1935ರಿಂದ ಹೊರಬಂದ ಏರೋಮಾಡೆಲರ್ ಪತ್ರಿಕೆಯ ಹಳೆಯ ಸಂಪುಟಗಳಲ್ಲಿನ ನಕ್ಷೆಗಳೊಂದಿಗೆ ಹೋಲಿಸಬೇಕು. ಬಣ್ಣವನ್ನು ನಂಬಬೇಡಿ, ಅದು ಮಾಡಿದವನ ಇಷ್ಟ. ಪಕ್ಕೆಗಳನ್ನು ನಂಬಿ. ಎಷ್ಟೋ ಹುಡುಗರು ನಕ್ಷೆಯಿಲ್ಲದೆ ತಮ್ಮದೇ ಲೆಕ್ಕದಲ್ಲಿ ಕಟ್ಟಿದರು, ಅವಕ್ಕೆ ಯಾವ ಪತ್ರಿಕೆಯಲ್ಲೂ ಹೆಸರಿಲ್ಲ. ಆಗ ಸಮೀಪದ ಪ್ರಸಿದ್ಧ ಹೆಸರನ್ನು ತಂದು ಕಟ್ಟುವ ಆಸೆ ಹುಟ್ಟುತ್ತದೆ, ಬೆಲೆ ಏರುತ್ತದಲ್ಲ! ಹಾಗೆ ಮಾಡಿದರೆ ಆ ಅಜ್ಜನ ಸ್ವಂತ ವಿನ್ಯಾಸ ಬೇರೊಬ್ಬರ ಪಾಲಾಗುತ್ತದೆ. ಅದಕ್ಕಿಂತ ಒಂದು ಚೀಟಿ ಕಟ್ಟಿ ಹೀಗೆ ಬರೆಯಿರಿ: "ಟೀಮ್ ರೇಸರ್, 2.5 ಘನ ಸೆಂ.ಮೀ. ಡೀಸೆಲ್, ಎಂಜಿನ್ ಒಮ್ಮೆ ಬದಲಾಗಿದೆ, ಸ್ವಂತ ವಿನ್ಯಾಸವಿರಬಹುದು, ಬಣ್ಣ ಮೂಲದ್ದು, ಮುಟ್ಟಿಲ್ಲ."